ನಲ್ ಅಂದ್ರೆ ಸೊನ್ನೆ ಅಲ್ಲ

ಸಿರುಗುಪ್ಪದ ಒಂದು ರೈಸ್‌ಮಿಲ್‌ಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ರೈತರ ಹೆಸರು ಕೊಟ್ಟರೆ ಅವರು ತಂದ ಭತ್ತದ ಲೋಡುಗಳ ಪಟ್ಟಿ, ಕೆಳಗೆ ಮಿಲ್ಲಿನವರು ಕೊಡಬೇಕಾದ ಬಾಕಿ. ಎರಡನ್ನೂ ಒಂದೇ ಸ್ಟೋರ್ಡ್ ಪ್ರೊಸೀಜರ್ ಕೊಡುತ್ತಿತ್ತು. ಪಟ್ಟಿ ಸಾಲುಗಳಾಗಿ, ಬಾಕಿ ಔಟ್‌ಪುಟ್ ಪ್ಯಾರಾಮೀಟರ್ ಆಗಿ.

ಬಳ್ಳಾರಿಯಿಂದ ಹೋಗಿ ಹೊಸ ವರ್ಷನ್ ಹಾಕಿದ ದಿನವೇ ಕುರುಗೋಡು ಕಡೆಯ ತಾತ ಒಬ್ಬರು ಚೀಟಿ ಹಿಡಿದು ನಿಂತರು. "ತಮ್ಮಾ, ಬಾಕಿ ಸೊನ್ನೆ ಅಂತ ಐತಲ್ಲ? ದೊಡ್ಡಬಸವೇಶ್ವರನ ಜಾತ್ರಿ ಬಂತು, ಈ ರೊಕ್ಕನ ನಂಬಿಕೊಂಡೀನಿ." ಪಟ್ಟಿಯಲ್ಲಿ ಲೋಡುಗಳೆಲ್ಲ ಸರಿಯಾಗೇ ಇದ್ದವು! ಗುಮಾಸ್ತರು ಹಳೇ ಖಾತೆ ಪುಸ್ತಕ ತೆಗೆದು ದುಡ್ಡು ಕೊಟ್ಟರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ರಾತ್ರಿ ಕೂತು ಹುಡುಕಿದೆ. ಎಸ್‌ಕ್ಯೂಎಲ್ ಸರ್ವರ್ ಮೊದಲು ಸಾಲುಗಳನ್ನು ಕಳಿಸುತ್ತೆ, ಔಟ್‌ಪುಟ್ ಪ್ಯಾರಾಮೀಟರ್ ಬರೋದು ಅವೆಲ್ಲ ಮುಗಿದ ಮೇಲೆ. ಡಾಟ್‌ನೆಟ್‌ನಲ್ಲಿ ಡೇಟಾರೀಡರ್ ಕ್ಲೋಸ್ ಮಾಡಿದ ಮೇಲೇ ಅದನ್ನು ಓದಬೇಕು. ನಾನು ರೀಡರ್ ತೆರೆದಿದ್ದಾಗಲೇ ಓದಿದ್ದೆ, ಸಿಕ್ಕಿದ್ದು ನಲ್. ಆ ಒಂದು ಸಾಲನ್ನು ಕ್ಲೋಸ್ ಆದಮೇಲೆ ಇಟ್ಟೆ, ಸರಿಹೋಯ್ತು.

ಆದರೆ ನಿಜವಾದ ತಪ್ಪು ಅದಲ್ಲ. ಎರರ್ ಬಾರದಿರಲಿ ಅಂತ, ನಲ್ ಬಂದರೆ ಸೊನ್ನೆ ಅಂತ ತೋರಿಸು ಎಂದು ಬರೆದವನು ನಾನೇ. "ಇನ್ನೂ ಗೊತ್ತಿಲ್ಲ" ಅನ್ನೋದನ್ನ "ಕೊಡೋದು ಏನೂ ಇಲ್ಲ" ಅಂತ ಮಾಡಿಬಿಟ್ಟಿದ್ದೆ. ಆ ಸಾಲನ್ನು ಅಳಿಸಿದೆ. ಈಗ ನಲ್ ಬಂದರೆ ಚೀಟಿಯೇ ಪ್ರಿಂಟ್ ಆಗಲ್ಲ. ಗುಮಾಸ್ತರು ಬೈತಾರೆ, ಬೈಯಲಿ ಬಿಡಿ :)