ನೊರೆ ಏಳುವ ನೀರು

ನಮ್ಮ ಉಗಾರ ಬುದ್ರುಕದ ಸುತ್ತ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಕೊಯ್ತಾ ತಾಗಿ ಕೈ ಕೊಯ್ದುಕೊಂಡವರು ದವಾಖಾನೆಗೆ ಬರುವುದು ಮಾಮೂಲು. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಬುಸ್ಸೆಂದು ಬಿಳಿ ನೊರೆ ಏಳುತ್ತದೆ. ಆ ಬಾಟಲಿಯಲ್ಲಿ ಪೆರಾಕ್ಸೈಡ್ ನೂರರಲ್ಲಿ ಕೆಲವೇ ಪಾಲು, ಉಳಿದದ್ದು ನೀರು. ರಕ್ತ ತಾಗಿದೊಡನೆ ಅದು ಒಡೆದು ಆಮ್ಲಜನಕ ಬಿಡುತ್ತದೆ.

ಇದೇ ದ್ರವವನ್ನು ನೂರಕ್ಕೆ 80ರಷ್ಟು ಗಟ್ಟಿ ಮಾಡಿ ಜಪಾನಿಗರು ಒಂದು ವಿಮಾನ ಹಾರಿಸಿದರು. ಹೆಸರು ಶುಸುಯಿ, ಅಂದರೆ ಶರತ್ಕಾಲದ ನೀರು. ಬಿ-29 ಬಾಂಬರ್‌ಗಳ ಎತ್ತರವನ್ನು ಕೆಲವೇ ನಿಮಿಷಗಳಲ್ಲಿ ಮುಟ್ಟಬೇಕೆಂಬುದು ಆಸೆ. ಮೂಲ ಜರ್ಮನಿಯ ಮೆಸ್ಸರ್‌ಶ್ಮಿಟ್ 163. ಅದರ ಸಾಮಗ್ರಿ ಹೊತ್ತು ಬರುತ್ತಿದ್ದ ಐ-29 ಜಲಾಂತರ್ಗಾಮಿ 1944ರ ಜುಲೈ 26ರಂದು ಮುಳುಗಿತು. ಸಿಂಗಾಪುರದಲ್ಲೇ ಇಳಿದು ವಿಮಾನ ಹಿಡಿದಿದ್ದ ಅಧಿಕಾರಿಯೊಬ್ಬರ ಬಳಿಯಿದ್ದ ಒಂದಿಷ್ಟು ಕಾಗದ ಉಳಿಯಿತು. ಅಷ್ಟನ್ನೇ ನೆಚ್ಚಿ ವರ್ಷದೊಳಗೆ ವಿಮಾನ ಕಟ್ಟಿದರು.

1945ರ ಜುಲೈ 7ರಂದು ತೊಯೊಹಿಕೊ ಇನುಜುಕಾ ಅದನ್ನು ಮೇಲೇರಿಸಿದರು. ಟ್ಯಾಂಕು ಪೂರ್ತಿ ತುಂಬಿರಲಿಲ್ಲ. ಎಣ್ಣೆ ಕಮ್ಮಿಯಿದ್ದ ಗಾಡಿ ಏರಿನಲ್ಲಿ ನಿಂತುಬಿಡುತ್ತದಲ್ಲ, ಹಾಗೆ. ಮೂತಿ ಮೇಲಾದಾಗ ಇಂಧನ ಹಿಂದಕ್ಕೆ ಸರಿದು ಎಂಜಿನ್ ನಿಂತಿತು. ವಿಮಾನ ಬಿತ್ತು, ಮರುದಿನ ಅವರು ತೀರಿಕೊಂಡರು.

ಪೆರಾಕ್ಸೈಡ್‌ನ ಬಲದಿಂದಲೇ ಹಾರುವ ಇನ್ನೊಂದನ್ನು ಭೂಸೇನೆ ರೂಪಿಸುತ್ತಿತ್ತು. ಅದು ಇ-ಗೋ. ಒಳಗೆ ಆಳಿಲ್ಲ, ರೇಡಿಯೊ ಹೇಳಿದತ್ತ ಹೋಗಬೇಕು. ಪರೀಕ್ಷೆಯೊಂದರಲ್ಲಿ ದಾರಿ ತಪ್ಪಿ ಅಟಾಮಿ ಎಂಬ ಬಿಸಿನೀರಿನ ಬುಗ್ಗೆಗಳ ಊರಿನ ವಸತಿಗೃಹಕ್ಕೆ ಬಡಿಯಿತು. ಯುದ್ಧಕ್ಕೆ ಅದು ಹೋಗಲೇ ಇಲ್ಲ. ಹೋದದ್ದು ನೌಕಾಪಡೆಯ ಓಕಾ, ಅಂದರೆ ಚೆರ್ರಿ ಹೂ. ಮುಂದೆ 1,200 ಕಿಲೋ ತೂಕದ ಸಿಡಿತಲೆ, ಹಿಂದೆ ರಾಕೆಟ್, ನಡುವೆ ಒಬ್ಬ ಹುಡುಗ. ರೇಡಿಯೊ ಮಾಡಬೇಕಿದ್ದ ಕೆಲಸ ಅವನ ಪಾಲಿಗೆ ಬಂತು. ಮರಳಿ ಬರುವ ಮಾತಿಲ್ಲ. 1945ರ ಮಾರ್ಚ್ 21ರ ಮೊದಲ ದಾಳಿಯಲ್ಲಿ ಓಕಾ ಹೊತ್ತ ವಿಮಾನಗಳು ಗುರಿ ಮುಟ್ಟುವ ಮೊದಲೇ ಉರುಳಿದವು.

ರಾಕೆಟ್ ನಮ್ಮ ನಾಡಿಗೂ ಹೊಸತಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಮೈಸೂರಿನ ರಾಕೆಟ್‌ಗೆ ದಿಕ್ಕು ಕೊಡುತ್ತಿದ್ದದ್ದು ಬಿದಿರ ಗಳ. ಗುರಿ ತಪ್ಪಿದರೆ ಒಂದು ಗಳ ಹೋಯಿತು, ಅಷ್ಟೆ. ಓಕಾದಲ್ಲಿ ಆ ಗಳದ ಜಾಗಕ್ಕೆ ಮನುಷ್ಯನನ್ನು ಕೂರಿಸಿದರು. ವರ್ಷದೊಳಗೆ ವಿಮಾನ ಕಟ್ಟಿದವರ ಜಾಣತನಕ್ಕೆ ನಾನು ತಲೆದೂಗುತ್ತೇನೆ. ಆ ಹುಡುಗನನ್ನು ಬಿಡಿಭಾಗಗಳ ಲೆಕ್ಕಕ್ಕೆ ಸೇರಿಸಿದವರಿಗೆ ತಲೆದೂಗಲಾರೆ.