ಅಂದು ತಾರದೆ ಬಿಟ್ಟ ಕೌದಿ

ಶಾಲೆಯ ಸ್ಮರಣಸಂಚಿಕೆಗಾಗಿ ಹಳೆಯ ವಿದ್ಯಾರ್ಥಿನಿಯರು ತಮ್ಮ ಅನುಭವದಿಂದ ಏನಾದರೂ ಬರೆದು ಕಳಿಸಬೇಕೆಂಬ ಪತ್ರವು ಬಂದಾಗ ನಾವು ಅಕ್ಕತಂಗಿಯರಿಬ್ಬರೂ ಬಹಳ ಹೊತ್ತು ಆಲೋಚಿಸಿದೆವು. ನಾವು ದೊಡ್ಡ ಪದವಿಗಳನ್ನು ಪಡೆದವರಲ್ಲ; ದೇಶಾಂತರಗಳನ್ನು ಸುತ್ತಿದವರೂ ಅಲ್ಲ. ಆದರೆ ಈ ಶಾಲೆಗೆ ನಾವು ಸಲ್ಲಿಸದೆ ಉಳಿಸಿಕೊಂಡ ಬಾಕಿಯೊಂದು ಇರುವದು. ಅದನ್ನು ಈಗಲಾದರೂ ತೀರಿಸುವದು ಉಚಿತವೆಂದು ತೋರಿದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ. ವಿಷಯವು ಒಂದು ಕೌದಿಯದು ಮತ್ತು ಎರಡು ನಾಯಿಗಳದು.

ನಮ್ಮ ಮನೆಯು ಹಳೆಯ ಬಾಗಲಕೋಟೆಯಲ್ಲಿ, ಘಟಪ್ರಭಾ ನದಿಗೆ ಸಮೀಪದ ಓಣಿಯಲ್ಲಿ ಇದ್ದಿತು. ಅಪ್ಪನವರು ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವ್ವನ ತವರು ಇಳಕಲ್ಲು. ಸೋದರತ್ತೆಯನ್ನು ಬಾದಾಮಿಗೆ ಕೊಟ್ಟಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಮೂರೂರಿನ ಬಟ್ಟೆಗಳು ಕೂಡುತ್ತಿದ್ದವು. ಇಳಕಲ್ಲ ಸೀರೆಯ ಒಡಲು ನೂಲಿನದು, ಸೆರಗು ರೇಶಿಮೆಯದು. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿಯಾಗಿ ಸಿಕ್ಕಿಸಿ ನೇಯುವರೆಂಬುದನ್ನು ಆ ಸೀಮೆಯ ವಾಚಕರೆಲ್ಲರೂ ಬಲ್ಲರು. ಇಂಥ ಸೀರೆಯನ್ನು ಅವ್ವನು ಮೊದಲು ಹಬ್ಬಕ್ಕೆ ಉಡುವಳು. ಕೆಲವು ವರುಷಗಳ ತರುವಾಯ ನಿತ್ಯಕ್ಕೆ ಉಡುವಳು. ಅನಂತರ ಅದು ತೊಟ್ಟಿಲಿಗೆ ಹಾಸಾಗುವದು. ಕಟ್ಟಕಡೆಗೆ ಕೌದಿಯನ್ನು ಸೇರುವದು. ಸೀರೆಗೆ ಹೀಗೆ ನಾಲ್ಕು ಆಶ್ರಮಗಳೆಂದು ಅಪ್ಪನವರು ವಿನೋದ ಮಾಡುತ್ತಿದ್ದರು.

ಹುನಗುಂದ ಸೀಮೆಯ ಎರೆಹೊಲಗಳಲ್ಲಿ ಬಿಳಿಜೋಳದ ಸುಗ್ಗಿಯು ಮುಗಿದು ಹೆಂಗಸರ ಕೈಗೆ ತುಸು ಬಿಡುವಾದಾಗ ಕೌದಿಯ ಕೆಲಸವು ಆರಂಭವಾಗುವದು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಗೊಂದಲಿಗರ ಹೆಣ್ಣುಮಕ್ಕಳೂ ನಮ್ಮ ಓಣಿಗೆ ಬರುತ್ತಿದ್ದರು. ಆದರೆ ನಮ್ಮ ಆಯಿಯು ಅವರಿಗೆ ಒಂದು ಸೇರು ಜೋಳ ಕೊಟ್ಟು ಕಳಿಸುವಳೇ ಹೊರತು ಕೆಲಸವನ್ನು ಕೊಡುತ್ತಿರಲಿಲ್ಲ. ಒಗೆದು ಒಣಗಿಸಿದ ಹಳೆಯ ಸೀರೆ, ಧೋತರಗಳನ್ನು ಸಾರಿಸಿದ ಪಡಸಾಲೆಯಲ್ಲಿ ಪದರುಪದರಾಗಿ ಹಾಸಿ, ನಾಲ್ಕು ಮೂಲೆಗಳಿಗೂ ತುಂಬಿದ ತಂಬಿಗೆಗಳನ್ನಿಟ್ಟು, ಒಂದು ಸುಕ್ಕೂ ಉಳಿಯದಂತೆ ಅಂಗೈಯಿಂದ ಒತ್ತುತ್ತ ಹೋಗುವಳು. ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸುವಳು. ಬಾದಾಮಿಯ ಅತ್ತೆಯು ಬೇಸಗೆಗೆ ಬರುವಾಗ ಗುಳೇದಗುಡ್ಡದ ಖಣಗಳ ಚೂರುಗಳನ್ನು ಗಂಟುಕಟ್ಟಿ ತರುತ್ತಿದ್ದಳು. ಅವು ಮೂಲೆಗಳಿಗೆ ಮೀಸಲು. ಅನಂತರ ಮೂವರು ಹೆಂಗಸರು ಮೂರು ಅಂಚುಗಳಲ್ಲಿ ಕುಳಿತು ದಪ್ಪ ಸೂಜಿಯಿಂದ ಸಾಲುಸಾಲಾಗಿ ಹೊಲಿಯುತ್ತ ನಡುವಿನತ್ತ ಸಾಗುವರು. ಆಯಿಯ ಹೊಲಿಗೆಯು ಜೋಳದ ಕಾಳಿನಷ್ಟು ಚಿಕ್ಕದು ಮತ್ತು ಸಮನಾದದ್ದು. ಅವ್ವನದು ತುಸು ಉದ್ದ. ಅತ್ತೆಯದು ಬಲಕ್ಕೆ ವಾಲುವದು. ನಾಲ್ಕನೆಯ ಅಂಚಿನಲ್ಲಿ ನಮ್ಮಿಬ್ಬರನ್ನು ಕೂಡಿಸುತ್ತಿದ್ದರು. ನಮ್ಮ ಹೊಲಿಗೆಯು ಹೇಗಿದ್ದಿತೆಂಬುದನ್ನು ಮುಂದೆ ಹೇಳುವೆವು.

ಐದನೆಯ ಸದಸ್ಯನೊಬ್ಬನು ಕೌದಿಯ ನಡುವೆಯೇ ಮಲಗಿರುತ್ತಿದ್ದನು. ಅವನೇ ಮೋತ್ಯಾ. ಅಪ್ಪನವರು ಅವನನ್ನು ಮರಿಯಾಗಿದ್ದಾಗ ಮುಧೋಳದ ಕಡೆಯ ಕುರಿಗಾರನೊಬ್ಬನಿಂದ ತಂದಿದ್ದರು. ಕವಿ ರನ್ನನ ಊರಾದ ಮುಧೋಳವು ತನ್ನ ನಾಯಿಗಳಿಂದಲೂ ಹೆಸರುವಾಸಿಯಾದದ್ದು. ಅಲ್ಲಿನ ಸಂಸ್ಥಾನಿಕರಾದ ಘೋರ್ಪಡೆಯವರು, ವಿಶೇಷವಾಗಿ ಮಾಲೋಜಿರಾವ ಘೋರ್ಪಡೆಯವರು, ಈ ತಳಿಯನ್ನು ಪೋಷಿಸಿದರು. ಭಾರತದ ಅಂಚೆ ಇಲಾಖೆಯು 2005ರಲ್ಲಿ ಮುಧೋಳ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. 2016ರಲ್ಲಿ ಈ ತಳಿಯ ಮರಿಗಳನ್ನು ಸೈನ್ಯದವರು ತರಬೇತಿಗಾಗಿ ಮೀರತಕ್ಕೆ ಒಯ್ದರು. ನೀಳವಾದ ಮೋರೆ, ಆಳವಾದ ಎದೆ, ಹಿಡಿಯಷ್ಟೇ ನಡು, ಉದ್ದನೆಯ ಕಾಲು: ಇವೆಲ್ಲವೂ ಓಡುವದಕ್ಕೆಂದೇ ಮಾಡಿದಂಥವು. ಆದರೆ ಆ ಮೈಯಲ್ಲಿ ಕೊಬ್ಬು ಕಡಿಮೆ, ರೋಮವು ತೀರ ಗಿಡ್ಡ. ಆದುದರಿಂದ ಬಯಲಿನಲ್ಲಿ ಮೊಲವನ್ನು ಬೆನ್ನಟ್ಟುವ ಆ ಶೂರನಿಗೆ ಚಳಿಯನ್ನು ತಾಳಲಾಗದು. ಬರಿಯ ನೆಲದಲ್ಲಿ ಮಲಗಿದರೆ ಮೊಣಕೈಯ ಎಲುಬು ಒತ್ತಿ ಚರ್ಮವು ದಡ್ಡುಗಟ್ಟುವದು. ಕೌದಿಯ ಪದರುಗಳನ್ನು ಹಾಸಿದೊಡನೆ ಮೋತ್ಯಾನು ಎಲ್ಲಿಂದಲೋ ಬಂದು ಸುತ್ತು ಹಾಕಿ ನಟ್ಟನಡುವೆ ಮಲಗಿಬಿಡುವನು. ಎಬ್ಬಿಸಿದರೆ ಎದ್ದು, ಹತ್ತು ಹೊಲಿಗೆ ಹಾಕುವಷ್ಟರಲ್ಲಿ ಮರಳಿ ಬರುವನು. ಕಡೆಗೆ ಆಯಿಯು ಅವನ ಸುತ್ತಲೇ ಹೊಲಿಯತೊಡಗುವಳು.

ನಮ್ಮ ಆಯಿಗೆ ಒಂದು ಪದ್ಧತಿಯಿದ್ದಿತು. ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಅದರೊಳಗೆ ರೊಟ್ಟಿಯ ಚೂರೊಂದನ್ನು ಇಡುವಳು. ಹೊದ್ದವರ ಹೊಟ್ಟೆಯು ತುಂಬಿರಬೇಕಾದರೆ ಕೌದಿಯ ಹೊಟ್ಟೆಯೂ ಹಸಿದಿರಬಾರದೆಂದು ಅವಳು ಹೇಳುತ್ತಿದ್ದಳು. ಒಂದು ವರುಷ ಹೀಗೆ ಮುಗಿಸಿದ ಕೌದಿಯನ್ನು ಹಾಸಿ ನಾವು ಮಲಗಿದ ಮೊದಲನೆಯ ರಾತ್ರಿಯೇ ಮೋತ್ಯಾನು ವಾಸನೆ ಹಿಡಿದು ಆ ಮೂಲೆಯನ್ನು ಕೆರೆದು ರೊಟ್ಟಿಯನ್ನು ತಿಂದುಬಿಟ್ಟನು. ಬೆಳಗಿಗೆ ಅವ್ವನು ಕೋಲನ್ನು ಹುಡುಕುತ್ತಿರಲು ಆಯಿಯು ನಕ್ಕು, "ಬಿಡು ತಂಗಿ, ಅದಕೂ ಹಸಿವ್ಯಾಗಿತ್ತು. ಕೌದಿ ಪಾಲು ಇದು ತಿಂತು, ಇನ್ನ ಮ್ಯಾಲೆ ಕೌದಿ ಕಾಯೋದು ಇದರ ಪಾಲಿಗೆ ಬಂತು," ಅಂದಳು. ಹರಿದ ಮೂಲೆಗೆ ಅತ್ತೆಯ ಗಂಟಿನಿಂದ ಹಸುರು ಖಣದ ಚೂರೊಂದನ್ನು ತೆಗೆದು ಮುಕ್ಕೋನವಾಗಿ ಮಡಿಸಿ ತೇಪೆ ಹಾಕಿದಳು. ವಾಚಕರು ಈ ಹಸುರು ತೇಪೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ.

ಮುಂದೆ ನಾವು ಈ ಶಾಲೆಗೆ ಬಂದು ವಸತಿಗೃಹದಲ್ಲಿ ಉಳಿದೆವು. ಹೊರಡುವ ದಿನ ಅವ್ವನು ಅದೇ ಕೌದಿಯನ್ನು ಮಡಿಸಿ, ಮಡಿಕೆಗಳ ನಡುವೆ ಬೇವಿನ ಎಲೆಗಳನ್ನಿಟ್ಟು ಟ್ರಂಕಿನಲ್ಲಿ ಹಾಕಿ, "ರಾತ್ರಿ ಥಂಡಿ ಬಾಳ ಇರತೈತಿ, ಇಬ್ಬರೂ ಇದನ್ನ ಹೊಚಗೊಂಡ ಮಲಕೋರ್ರೆವ್ವಾ," ಎಂದು ಹೇಳಿದಳು. ಆದರೆ ವಸತಿಗೃಹದ ಮಂಚಗಳ ಮೇಲೆ ಬೇರೆ ಹುಡುಗಿಯರ ಉಣ್ಣೆಯ ಕಂಬಳಿಗಳನ್ನೂ ಸೊಲ್ಲಾಪುರದ ಹೊಸ ಚಾದರಗಳನ್ನೂ ಕಂಡಾಗ ನಮಗೆ ನಮ್ಮ ಕೌದಿಯ ವಿಷಯವಾಗಿ ನಾಚಿಕೆಯುಂಟಾಯಿತು. ಯಾರೂ ನಮ್ಮನ್ನು ಹಂಗಿಸಲಿಲ್ಲ. ಹಂಗಿಸಲು ಅವಕಾಶವನ್ನೇ ನಾವು ಕೊಡಲಿಲ್ಲ. ಕೌದಿಯನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟು, ಚಳಿಯಲ್ಲಿ ನಡುಗುತ್ತಿದ್ದೇವೆಂದು ಅಪ್ಪನವರಿಗೆ ಕಾಗದ ಬರೆದೆವು. ಅವರು ಅಂಗಡಿಯ ಧಣಿಯಿಂದ ಸಂಬಳದ ಮುಂಗಡ ತೆಗೆದುಕೊಂಡು ಎರಡು ಚಾದರಗಳನ್ನು ಕಳಿಸಿದರು. ಮುಂಗಡದ ಸಂಗತಿಯು ನಮಗೆ ತಿಳಿದದ್ದು ಬಹಳ ವರುಷಗಳ ಮೇಲೆ.

ಅದೇ ವರುಷ ಕೈಗೆಲಸದ ಪ್ರದರ್ಶನವಾಯಿತು. ಹೊಲಿಗೆಯನ್ನು ಕಲಿಸುವ ಬಾಯಿಯವರು ಪ್ರತಿಯೊಬ್ಬಳೂ ತನ್ನ ಮನೆಯ ಹೆಂಗಸರು ಮಾಡುವ ಕೆಲಸದ ಮಾದರಿಯೊಂದನ್ನು ತರಬೇಕೆಂದು ಹೇಳಿದರು. ಕೆಲವರು ಕಸೂತಿಯ ಕುಪ್ಪಸಗಳನ್ನು ತಂದರು; ಕೆಲವರು ಹೆಣಿಗೆಯ ಕೆಲಸವನ್ನು ತಂದರು. ನಮ್ಮ ಸರದಿಯು ಬಂದಾಗ ನಾವು ಒಂದೇ ಬಾಯಿಂದ, "ನಮ್ಮ ಮನೆಯಲ್ಲಿ ಯಾರಿಗೂ ಹೊಲಿಯಲು ಬರುವದಿಲ್ಲ, ಬಾಯಿಯವರೇ," ಎಂದೆವು. ಅವರು ನಮ್ಮ ಮುಖವನ್ನು ಕ್ಷಣಕಾಲ ನೋಡಿ, "ಆಗಲಿ," ಎಂದು ಮುಂದೆ ಸಾಗಿದರು. ಆ ಮಾತನ್ನಾಡುವಾಗ ಕೌದಿಯು ನಮ್ಮಿಂದ ನಲವತ್ತು ಹೆಜ್ಜೆಗಳ ದೂರದಲ್ಲಿಯೂ ಇರಲಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ ಅವ್ವನು ಟ್ರಂಕನ್ನು ತೆರೆದು ಕೌದಿಯನ್ನು ಹೊರತೆಗೆದಳು. ಅದು ತಾನು ಮಡಿಸಿದ ಮಡಿಕೆಯಲ್ಲಿಯೇ ಇದ್ದಿತು. "ಬೇವಿನ ಎಲಿ ಇಟ್ಟಲ್ಲೇ ಅದಾವಲ್ಲ," ಎಂದಷ್ಟೇ ಹೇಳಿ ಒಣಗಿದ ಎಲೆಗಳನ್ನು ಅಂಗಳಕ್ಕೆ ಕೊಡವಿದಳು. ಮತ್ತೆ ಆ ಸಂಗತಿಯನ್ನು ಎಂದೂ ಎತ್ತಲಿಲ್ಲ. ಮರುಸಲ ನಾವು ಶಾಲೆಗೆ ಹೊರಟಾಗ ಕೌದಿಯನ್ನು ಕಟ್ಟಲೂ ಇಲ್ಲ. ಅದು ಎಲ್ಲಿಗೆ ಹೋಯಿತೆಂದು ನಾವು ಕೇಳಲಿಲ್ಲ.

ವರುಷಗಳು ಕಳೆದವು. ಆಯಿಯು ತೀರಿಕೊಂಡಳು, ಮೋತ್ಯಾನೂ ಹೋದನು, ನಮ್ಮ ಮದುವೆಗಳಾದವು. ಕೃಷ್ಣೆಗೆ ಆಲಮಟ್ಟಿಯಲ್ಲಿ ಆಣೆಕಟ್ಟು ಕಟ್ಟಲು 1964ರಲ್ಲಿ ಅಡಿಗಲ್ಲನ್ನು ಇಟ್ಟಿದ್ದರಷ್ಟೆ. ಆ ಜಲಾಶಯದ ಹಿನ್ನೀರು ಘಟಪ್ರಭೆಯಗುಂಟ ಏರಿ ಬಂದು ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ಆಣೆಕಟ್ಟನ್ನು ದೇಶಕ್ಕೆ ಅರ್ಪಿಸುವಷ್ಟರಲ್ಲಿ ನಮ್ಮ ಪಡಸಾಲೆಯು ನೀರಿನಡಿಗೆ ಹೋಗಿದ್ದಿತು. ಅಪ್ಪ ಅವ್ವಂದಿರು ನವನಗರದ ಹೊಸ ಮನೆಗೆ ಬಂದಾಗ ಬಾಗಿಲ ತೊಲೆಗಳನ್ನೂ ಬೀಸುವ ಕಲ್ಲನ್ನೂ ಕೌದಿಗಳ ಗಂಟನ್ನೂ ಸಾಗಿಸಿ ತಂದರು. ಚಂದ್ರಿಯೆಂಬ ಮುಧೋಳ ನಾಯಿಯನ್ನು ಅವ್ವನು ಸಾಕಿದ್ದು ಈ ಮನೆಯಲ್ಲಿಯೇ.

2007ರ ಚಳಿಗಾಲದಲ್ಲಿ ಅವ್ವನು ನಮ್ಮನ್ನಗಲಿದಳು. ಚಂದ್ರಿಯು ಮೂರು ದಿವಸ ಹೊಸ್ತಿಲನ್ನು ಬಿಟ್ಟು ಏಳಲಿಲ್ಲ, ಹಾಲನ್ನೂ ಮುಟ್ಟಲಿಲ್ಲ. ರಾತ್ರಿಯಲ್ಲಿ ಅವಳು ನಡುಗುವದನ್ನು ನೋಡಲಾರದೆ ನಾವು ಗಂಟನ್ನು ಬಿಚ್ಚಿ, ಎಲ್ಲಕ್ಕಿಂತ ಹಳೆಯದಾಗಿ ದಪ್ಪವಾಗಿ ವಿಕಾರವಾಗಿ ಕಂಡ ಕೌದಿಯೊಂದನ್ನು ಹುಡುಕಿ, "ನಾಯಿಗೆ ಇಷ್ಟು ಸಾಕು," ಎಂದು ಹಾಸಿದೆವು. ಚಂದ್ರಿಯು ಅದನ್ನು ಮೂಸಿ, ಸುತ್ತು ಹಾಕಿ ಮಲಗಿದಳು. ಮರುದಿನ ರೊಟ್ಟಿಯನ್ನೂ ತಿಂದಳು. ನಾಯಿಗಳು ಮಲಗುವ ಮುಂಚೆ ಹಾಸಿಗೆಯನ್ನು ಕೆರೆಯುವದು ಸ್ವಭಾವ. ಹೀಗೆ ನಾಲ್ಕಾರು ದಿನಗಳು ಕೆರೆದುದರಿಂದ ಮೇಲಿನ ಪದರು ಒಂದೆಡೆಗೆ ಹರಿದು ಬಾಯಿಬಿಟ್ಟಿತು. ಕಸ ಗುಡಿಸುವಾಗ ನಮ್ಮಲ್ಲಿ ಕಿರಿಯಳು ಬಗ್ಗಿ ನೋಡಿ ಹಿರಿಯಳನ್ನು ಕೂಗಿದಳು. ಹರಿದಲ್ಲಿ ನೀಲಿ ಬಟ್ಟೆಯು ಕಾಣುತ್ತಿದ್ದಿತು. ಅದು ನಮ್ಮ ಶಾಲೆಯ ಲಂಗ; ನಾವು ಬೆಳೆದು ಗಿಡ್ಡವಾಯಿತೆಂದು ಬಿಟ್ಟುಬಿಟ್ಟದ್ದು. ಅದರಡಿಗೆ ಅಪ್ಪನವರ ಧೋತರ. ಅದರಡಿಗೆ ಇನ್ನೊಂದು ಇಡಿಯ ಕೌದಿ. ಅದರ ಮೂಲೆಯಲ್ಲಿ ಹಸುರು ಖಣದ ಮುಕ್ಕೋನದ ತೇಪೆ.

ಆ ಹೊತ್ತಿನಲ್ಲಿ ನಮಗೆ ಮಾತು ಹೊರಡಲಿಲ್ಲ. ನಾವು ಹೊದೆಯಲು ನಾಚಿದ ಕೌದಿಯನ್ನು ಅವ್ವನು ಬಿಸಾಡಿರಲಿಲ್ಲ; ನಮ್ಮ ಕಣ್ಣಿಗೆ ಬೀಳದಂತೆ ಅದಕ್ಕೆ ಹೊಸ ಮೇಲುಹೊದಿಕೆಯನ್ನು ಹೊಲಿದು, ನಡುವೆ ನಮ್ಮ ಶಾಲೆಯ ಲಂಗಗಳನ್ನು ಇಟ್ಟಿದ್ದಳು. ರಜೆಗಳಲ್ಲಿ, ಬಾಣಂತನಗಳಲ್ಲಿ ನಾವು ಅದನ್ನೇ ಹೊದ್ದು ಮಲಗಿದ್ದೆವು, ಗುರುತು ಹಿಡಿದಿರಲಿಲ್ಲ. ಒಳಗಿನ ಕೌದಿಯನ್ನು ದೀಪದೆದುರು ಹಿಡಿದು ನೋಡಿದೆವು. ಆಯಿಯ ಕಾಳಿನಂಥ ಹೊಲಿಗೆ, ಅವ್ವನ ಉದ್ದ ಹೊಲಿಗೆ, ಅತ್ತೆಯ ವಾಲುವ ಹೊಲಿಗೆ ಬೇರೆಬೇರೆಯಾಗಿ ಕಂಡವು. ನಾಲ್ಕನೆಯ ಅಂಚಿನಲ್ಲಿ ಹಾವು ಹರಿದಂತೆ ಸೊಟ್ಟಸೊಟ್ಟಾದ ಎರಡು ಸಾಲುಗಳು. ಆಯಿಯು ಅವನ್ನು ಬಿಚ್ಚಿ ತಿದ್ದಿರಲಿಲ್ಲ.

ಮುಂದೆ ಏನು ಮಾಡಬೇಕೆಂಬ ವಿಷಯದಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಾಯಿತು. ಇದನ್ನು ಇನ್ನು ಯಾರೂ ಹೊದೆಯಬಾರದು, ಗಾಜಿನ ಪೆಟ್ಟಿಗೆಯಲ್ಲಿ ಕಾಯ್ದಿಡಬೇಕೆಂದು ಹಿರಿಯಳು ಹೇಳಿದಳು. ಇಂಥ ಕೆಲಸಕ್ಕೆ ಈಗ ಮನ್ನಣೆಯು ದೊರೆತಿರುವದು ನಿಜ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರ ಕೌದಿಗಳನ್ನು ಪರದೇಶದವರೂ ಮೆಚ್ಚಿಕೊಂಡಿದ್ದಾರೆ. ಅಮೇರಿಕದ ಅಲಬಾಮಾ ಪ್ರಾಂತದ ಗೀಸ್ ಬೆಂಡ್ ಎಂಬ ಹಳ್ಳಿಯ ಬಡ ಹೆಂಗಸರು ಹಳೆಯ ಬಟ್ಟೆಗಳಿಂದ ಹೊಲಿದ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿ ಪ್ರದರ್ಶಿಸಿದರು. 2006ರಲ್ಲಿ ಅವುಗಳ ಚಿತ್ರವುಳ್ಳ ಅಂಚೆಚೀಟಿಗಳನ್ನೂ ಹೊರಡಿಸಿದರು. ಆದರೆ ಕಿರಿಯಳು ಒಂದೇ ಮಾತನ್ನು ಕೇಳಿದಳು: "ಒಮ್ಮೆ ಟ್ರಂಕಿನ್ಯಾಗ ಬಚ್ಚಿಟ್ಟದ್ದು ಸಾಲದೇನ, ಅಕ್ಕಾ?" ಅದಕ್ಕೆ ಹಿರಿಯಳಲ್ಲಿ ಉತ್ತರವಿರಲಿಲ್ಲ.

ಮರುಬೇಸಗೆಯಲ್ಲಿ ನಾವಿಬ್ಬರೂ ನವನಗರದ ಮನೆಯ ಹಾಲಿನಲ್ಲಿ ಕುಳಿತೆವು. ಕೌದಿಯನ್ನು ಒಗೆದು ಒಣಗಿಸಿ, ಅವ್ವನು ಕಡೆಯ ಕಾಲದಲ್ಲಿ ಉಡುತ್ತಿದ್ದ ದಾಳಿಂಬರಿ ಬಣ್ಣದ ಇಳಕಲ್ಲ ಸೀರೆಯನ್ನು ಅದರ ಮೇಲೆ ಹಾಸಿದೆವು. ಸಾರಿಸಿದ ನೆಲದ ಬದಲು ನುಣುಪಾದ ಹಾಸುಗಲ್ಲು; ಸೀರೆಯು ಜಾರುತ್ತಿದ್ದಿತು. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ನಾಲ್ಕು ತಂಬಿಗೆಗಳನ್ನಿಟ್ಟು ಸುಕ್ಕನ್ನು ಒತ್ತುವಷ್ಟರಲ್ಲಿ ಚಂದ್ರಿಯು ಬಂದು ನಟ್ಟನಡುವೆ ಮಲಗಿದಳು. ನಾವು ಅವಳನ್ನು ಎಬ್ಬಿಸಲಿಲ್ಲ, ಸುತ್ತಲೂ ಹೊಲಿದೆವು. ನಮ್ಮ ಹೊಲಿಗೆಯು ಇಂದಿಗೂ ನೆಟ್ಟಗಿಲ್ಲ. ಚಂದ್ರಿಯ ಬಿಳಿಯ ರೋಮಗಳು ಎಷ್ಟೋ ಹೊಲಿಗೆಗಳಲ್ಲಿ ಸಿಕ್ಕಿಕೊಂಡಿವೆ. ಹಸುರು ತೇಪೆಯ ಮೂಲೆಯನ್ನು ಕಡೆಗೆ ಮುಚ್ಚಿದೆವು. ರೊಟ್ಟಿಯ ಚೂರನ್ನು ಮಾತ್ರ ಒಳಗಿಡದೆ ನೇರವಾಗಿ ಚಂದ್ರಿಗೇ ಕೊಟ್ಟೆವು. ಹೇಗೂ ಅದು ಅವಳ ಪಾಲೇ ಅಲ್ಲವೇ?

ಚಂದ್ರಿಯು ತನ್ನ ಆಯುಷ್ಯವನ್ನು ಮುಗಿಸಿ ಅನೇಕ ವರುಷಗಳಾದವು. ಕೊನೆಯವರೆಗೂ ಅವಳು ಮಲಗಿದ್ದು ಅದೇ ಕೌದಿಯ ಒಂದು ತುದಿಯಲ್ಲಿ. ಇನ್ನೊಂದು ತುದಿಯನ್ನು ಹೊದ್ದವರು ಮುಪ್ಪಿನ ಅಪ್ಪನವರು. ಈಗ ಅದು ನಮ್ಮ ಮೊಮ್ಮಗಳೊಂದಿಗೆ ಧಾರವಾಡದ ವಸತಿಗೃಹವೊಂದರಲ್ಲಿ ಇರುವದು. ಮಂಚದ ಮೇಲೆಯೇ ಹಾಸಿಕೊಂಡಿದ್ದೇನೆಂದು ಅವಳು ಬರೆದಿದ್ದಾಳೆ. ಗೆಳತಿಯರು ಏನೆಂದರೆಂದು ನಾವು ಕೇಳಿದ್ದಕ್ಕೆ, ಅದರಲ್ಲಿ ಅನ್ನುವದೇನಿದೆಯೆಂದು ನಮ್ಮನ್ನೇ ಕೇಳಿದಳು.

ಹೊಲಿಗೆಯ ಬಾಯಿಯವರು ಈಗ ಇಲ್ಲ. ಅವರೆದುರು ನಿಂತು ನಮ್ಮ ಸುಳ್ಳನ್ನು ಒಪ್ಪಿಕೊಳ್ಳುವ ಭಾಗ್ಯವು ನಮಗೆ ದೊರೆಯಲಿಲ್ಲ. ಆದರೂ ಪ್ರದರ್ಶನದ ದಿನ ನಮ್ಮ ಹೆಸರುಗಳ ಮುಂದೆ ಬರಿದಾಗಿ ಉಳಿದ ಸ್ಥಳದಲ್ಲಿ ಇಂದು ಹೀಗೆ ಬರೆದುಕೊಳ್ಳಬೇಕೆಂದು ಶಾಲೆಯವರನ್ನು ಬೇಡಿಕೊಳ್ಳುತ್ತೇವೆ: ಕೌದಿ ಒಂದು. ಹೊಲಿದವರು ನಮ್ಮ ಆಯಿ, ಅವ್ವ ಮತ್ತು ಅತ್ತೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಹೊಲಿಯಲು ಬರುತ್ತಿದ್ದಿತು.