ಹನ್ನೊಂದು ನಿಮಿಷ ಬಾಕಿ ಇತ್ತು

ಕಡಹಿನಬೈಲಿನ ನಮ್ಮ ಮನೆಯಲ್ಲಿ ಡಿಸೆಂಬರ್ ಎಂದರೆ ಅಡಿಕೆ ಸುಲಿತ. ಕೊಯ್ದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಟ್ಟುಕೊಳ್ಳುವ ಹಾಗಿಲ್ಲ. ಸುಲಿದು, ಚೊಗರು ಹಾಕಿ ಹಂಡೆಯಲ್ಲಿ ಬೇಯಿಸಿ, ಚಪ್ಪರದ ಮೇಲೆ ಒಣಗಲು ಹರಡಬೇಕು. ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿಗಳು, ಅವುಗಳ ಮುಂದೆ ಅಮ್ಮ, ಅಕ್ಕಪಕ್ಕದ ಮನೆಯ ಹೆಂಗಸರು. ಯಾರು ಎಷ್ಟು ಡಬ್ಬ ಸುಲಿದರೆಂದು ಗೋಡೆಯ ಮೇಲೆ ಇದ್ದಿಲಿನ ಗೀಟು.

ಎರಡು ವರ್ಷದ ಹಿಂದೆ ಅಂಥದೇ ಒಂದು ಡಿಸೆಂಬರಿನಲ್ಲಿ, ಮುಗಿಯದ ಎಂ.ಎ. ಕಿರುಪ್ರಬಂಧವನ್ನು ಚೀಲದಲ್ಲಿಟ್ಟುಕೊಂಡು ನಾನು ಶಿವಮೊಗ್ಗದಿಂದ ಮನೆಗೆ ಬಂದೆ. ಜನವರಿ 10ಕ್ಕೆ ಒಪ್ಪಿಸಬೇಕಿತ್ತು. ನಾಲ್ಕು ಅಧ್ಯಾಯಗಳಲ್ಲಿ ಆಗಿದ್ದು ಒಂದೂವರೆ. ಮನೆಯೊಳಗೆ ಸಿಗ್ನಲ್ ಇರಲಿಲ್ಲ, ಹಾಗಾಗಿ ಓದುತ್ತೇನೆ ಅಂದುಕೊಂಡಿದ್ದೆ. ಎರಡು ಸಾಲು ಬರೆಯುವುದು, ಸಿಗ್ನಲ್ ಸಿಗುವ ಧರೆಯ ಮೇಲೆ ಹತ್ತಿ ನಿಲ್ಲುವುದು. ಮೊದಲ ವಾರ ಹೀಗೇ ಹೋಯಿತು.

ಗೆಳತಿಯೊಬ್ಬಳು ಪೊಮೊಡೊರೊ ಹೇಳಿಕೊಟ್ಟಳು. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ, ಓದಿಗೆ ಕೂರಲಾಗದೆ, ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರನ್ನು ಮುಂದಿಟ್ಟುಕೊಂಡು ಶುರು ಮಾಡಿದ ಕ್ರಮ ಇದು. ಅವರ ಭಾಷೆಯಲ್ಲಿ ಪೊಮೊಡೊರೊ ಅಂದರೆ ಟೊಮ್ಯಾಟೊ. 25 ನಿಮಿಷ ಕೆಲಸ, 5 ನಿಮಿಷ ವಿರಾಮ. ಅಂಥ ನಾಲ್ಕಾದ ಮೇಲೆ ದೊಡ್ಡ ವಿರಾಮ. ಒಂದನ್ನು ಅರ್ಧ ಮಾಡುವಂತಿಲ್ಲ. ನಡುವೆ ಎದ್ದರೆ ಅದು ಲೆಕ್ಕಕ್ಕಿಲ್ಲ.

“ಎಂತದೇ ಅದು, ಮತ್ತೆ ಮತ್ತೆ ಹೊಡ್ಕೊಳ್ತದೆ?” ಅಮ್ಮ ಕೇಳಿದಳು.

“ಅದು ಹೊಡಿಯೋವರೆಗೆ ನಾನು ಏಳೋ ಹಾಗಿಲ್ಲಮ್ಮ.”

“ಹಾಲು ಉಕ್ಕಿದ್ರೂ?”

“ಉಕ್ಕಿದ್ರೂ.”

ಅಮ್ಮ ನಕ್ಕು ಒಳಗೆ ಹೋದಳು. ಹೇಳಬೇಕೆಂದರೆ ಉಪಾಯ ಫಲಿಸಿತು. ನಾಲ್ಕು ಅಧ್ಯಾಯ ಎಂದರೆ ಹೆದರಿಕೆ, 25 ನಿಮಿಷ ಎಂದರೆ ಅಷ್ಟು ಹೆದರಿಕೆಯಿಲ್ಲ. ಧರೆ ಹತ್ತಬೇಕು ಅನ್ನಿಸಿದರೆ ವಿರಾಮದಲ್ಲಿ ಹೋದರಾಯಿತು ಎಂದುಕೊಳ್ಳುತ್ತಿದ್ದೆ. ವಿರಾಮ ಬಂದಾಗ ಮನಸ್ಸೇ ಇರುತ್ತಿರಲಿಲ್ಲ. ಒಂದೊಂದು ಮುಗಿದಾಗಲೂ ನೋಟ್‌ಬುಕ್ಕಿನಲ್ಲಿ ಒಂದು ಗೀಟು. ಎಂಟು ಗೀಟಾದ ದಿನ ಗೆದ್ದವಳಂತೆ ಮಲಗುತ್ತಿದ್ದೆ.

ಕ್ರಿಸ್‌ಮಸ್ ಕಳೆದ ಮರುದಿನ ಸಂಜೆ, ಸುಲಿಯುವವರು ಯಾರೂ ಬಂದಿರಲಿಲ್ಲ. ಅಪ್ಪ ಪೇಟೆಗೆ ಹೋಗಿದ್ದರು. ಜಗಲಿಯಿಂದ ಅಮ್ಮ ಕರೆದಳು: “ಏ, ಒಂಚೂರು ಬಾ.” ಜೋರಾಗೇನೂ ಅಲ್ಲ. ಟೈಮರ್ ನೋಡಿದೆ. ಹನ್ನೊಂದು ನಿಮಿಷ ಬಾಕಿ ಇತ್ತು. ಎದ್ದರೆ ಆಗಲೇ ಕಳೆದ ಹದಿನಾಲ್ಕು ನಿಮಿಷ ದಂಡ. ಏಳಲಿಲ್ಲ. ಅವಳು ಮತ್ತೆ ಕರೆಯಲೂ ಇಲ್ಲ.

ಗಂಟೆ ಹೊಡೆದ ಮೇಲೆ ಹೊರಗೆ ಬಂದೆ. ಎಡಗೈ ಹೆಬ್ಬೆರಳಿಗೆ ಹಳೇ ಸೀರೆಯ ಚೂರು ಸುತ್ತಿತ್ತು, ಅದರ ಮೇಲೂ ರಕ್ತ ಒಸರಿತ್ತು. ಹಲ್ಲಿನಿಂದ ಕಚ್ಚಿ ಗಂಟು ಹಾಕಿಕೊಂಡಿರಬೇಕು. ಅಮ್ಮ ಉಳಿದ ಬೆರಳುಗಳಲ್ಲಿ ಅಡಿಕೆ ಹಿಡಿದು ಸುಲಿಯುತ್ತಲೇ ಇದ್ದಳು.

“ಎಂತದ್ದೂ ಇಲ್ಲ, ಕತ್ತಿ ತಾಗಿದ್ದು. ನಿಂದು ಮುಗೀತಾ?”

ಆ ಪ್ರಶ್ನೆಯಲ್ಲಿ ಕೊಂಕು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇರಲಿಲ್ಲ.

ಮರುದಿನ ಪುಸ್ತಕಗಳನ್ನು ಜಗಲಿಗೆ ತಂದೆ. ಅವಳು ಕೆಲಸ ಮಾಡುವುದನ್ನು ಸರಿಯಾಗಿ ನೋಡಿದ್ದು ಆಗಲೇ. ನನ್ನ ಒಂದು ಗೀಟಿನೊಳಗೆ ಅವಳು ನಾಲ್ಕು ಸಲ ಎದ್ದಳು: ಹಂಡೆಯ ಬೆಂಕಿಗೆ, ಕೊಟ್ಟಿಗೆಗೆ, ಒಲೆ ಮೇಲಿನ ಅನ್ನಕ್ಕೆ, ಬಾಗಿಲಿಗೆ ಬಂದವರಿಗೆ. ಪ್ರತಿ ಸಲ ಬಂದು ಕೂತು, ಬಿಟ್ಟಲ್ಲಿಂದಲೇ ಮುಂದುವರಿದಳು. ಅರ್ಧವಾದದ್ದು ಲೆಕ್ಕಕ್ಕಿಲ್ಲ ಎಂಬ ನಿಯಮ ಅವಳಿಗಿದ್ದಿದ್ದರೆ ನಮ್ಮ ಮನೆಯಲ್ಲಿ ಒಂದು ಅಡಿಕೆಯೂ ಚಪ್ಪರ ಸೇರುತ್ತಿರಲಿಲ್ಲ. ಪಾತ್ರೆ ತೊಳೆಯುವುದು, ದನಕ್ಕೆ ಹುಲ್ಲು ಹಾಕುವುದು ರಜೆಯಲ್ಲಿ ನನ್ನ ಕೆಲಸಗಳು. ಆ ಸಲ ಅವನ್ನೂ ಅವಳೇ ಮಾಡಿದ್ದಳು. ನನಗೆ ಸಿಕ್ಕ 25 ನಿಮಿಷ ಅವಳ ಲೆಕ್ಕದಿಂದ ಬಂದದ್ದು.

ಟೈಮರ್ ಬಿಡಲಿಲ್ಲ, ಬಿಟ್ಟಿದ್ದರೆ ಕಿರುಪ್ರಬಂಧ ಮುಗಿಯುತ್ತಿರಲಿಲ್ಲ. ಆದರೆ 5 ನಿಮಿಷದ ವಿರಾಮದಲ್ಲಿ ಹಂಡೆಯ ಬೆಂಕಿ, ದೊಡ್ಡ ವಿರಾಮದಲ್ಲಿ ಪಾತ್ರೆ ನನ್ನದಾಯಿತು. ಪಕ್ಕದ ಮನೆ ಅಜ್ಜಿ ನೋಡಿ, “ಒಂದ್ ಗಳಿಗೆ ಕೂರ್ತಾಳೆ, ಏಳ್ತಾಳೆ” ಅಂದರು. ಗಳಿಗೆ ಎಂದರೆ 24 ನಿಮಿಷ, ದಿನಕ್ಕೆ 60. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ಮುಳುಗುವುದನ್ನು ನೋಡಿ ಅಳೆಯುತ್ತಿದ್ದ ಕಾಲ. ಇಟಲಿಯ ಟೊಮ್ಯಾಟೊಗೂ ನಮ್ಮ ಬಟ್ಟಲಿಗೂ ಒಂದೇ ನಿಮಿಷದ ವ್ಯತ್ಯಾಸ. ಅಜ್ಜಿಗೆ ಹೇಳಿದೆ. “ಆ ಒಂದು ನಿಮಿಷ ಅಮ್ಮಂಗೆ ಕೊಡು” ಅಂದರು.

ಕಿರುಪ್ರಬಂಧ ಒಪ್ಪಿಸಿದೆ. ಅಮ್ಮನ ಹೆಬ್ಬೆರಳಲ್ಲಿ ಬಿಳಿ ಗೆರೆ ಉಳಿದಿದೆ. ಈಗಲೂ ಓದಲು ಕೂತರೆ ಟೈಮರ್ ಇಡುತ್ತೇನೆ. ಒಮ್ಮೊಮ್ಮೆ ನಡುವೆ ಅವಳ ಫೋನು ಬರುತ್ತದೆ.

“ನಿಂದು ಗಂಟೆ ಹೊಡೀತಾ? ಆಮೇಲೆ ಮಾಡ್ಲಾ?”

“ಇಲ್ಲಮ್ಮ, ಹೇಳು.”